ತಂತಿಕಳ್ಳರು ಮತ್ತು ಅವರನ್ನು ಶೋಧಿಸಿದವರು: ಸಂಘಟಿತ ಅಪರಾಧದ ತನಿಖೆ ಬೆಳೆದುಬಂದ ದಾರಿ

ಹೈದರಾಬಾದು ನಗರದ ವಾಯವ್ಯ ಭಾಗದಲ್ಲಿರುವ ಕೂಕಟ್‌ಪಲ್ಲಿಯನ್ನು ಇಂದು ನೋಡುವವರಿಗೆ ಗೃಹಮಂಡಳಿಯ ವಿಸ್ತಾರವಾದ ಬಡಾವಣೆ, ತಾಂತ್ರಿಕ ವಿಶ್ವವಿದ್ಯಾಲಯ, ಅಂಗಡಿಗಳ ಸಾಲು, 2017ರಿಂದ ಓಡಾಡುತ್ತಿರುವ ಮೆಟ್ರೋ ರೈಲು ಇವೇ ಮೊದಲು ಕಣ್ಣಿಗೆ ಬೀಳುತ್ತವೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಆ ಊರಿನ ನಡುವೆ ಹಾದುಹೋಗುವ ಹೆದ್ದಾರಿಯೇ ಹೆಚ್ಚು ಕುತೂಹಲಕರವಾದುದು. ಆ ದಾರಿಯು ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದುಗಳನ್ನು ದಾಟಿ ಬೀದರ ಜಿಲ್ಲೆಯನ್ನು ಹೊಕ್ಕು, ಹುಮನಾಬಾದು, ಉಮರ್ಗಾ, ನಳದುರ್ಗಗಳ ಮೂಲಕ ಸೊಲ್ಲಾಪುರವನ್ನು ಸೇರಿ, ಮುಂದೆ ಮುಂಬಯಿಗೆ ಹೋಗುತ್ತದೆ. ಬೀದರ ಕಲಬುರಗಿಗಳಿಂದ ಜೀವನೋಪಾಯವನ್ನರಸಿ ಬಂದ ನಮ್ಮವರಲ್ಲಿ ಅನೇಕರು ಈ ನಗರವನ್ನು ಪ್ರವೇಶಿಸಿದುದು ಈ ದಿಕ್ಕಿನಿಂದಲೇ. ಈಗ್ಗೆ ಸುಮಾರು ಇನ್ನೂರು ವರ್ಷಗಳ ಹಿಂದೆ, ಇದೇ ಸೀಮೆಯ ದಾರಿಗಳಲ್ಲಿ ಹೊರಟ ಪ್ರಯಾಣಿಕರಲ್ಲಿ ಕೆಲವರು ಊರು ಸೇರದೆ ಕಾಣೆಯಾಗುತ್ತಿದ್ದರು. ಅವರನ್ನು ಕೊಂದವರಾರೆಂದು ಕಂಡುಹಿಡಿಯುವ ಪ್ರಯತ್ನದಿಂದಲೇ, ಸಂಘಟಿತ ಅಪರಾಧದ ತನಿಖೆಯೆಂಬ ವಿಶಿಷ್ಟವಾದ ವೃತ್ತಿಯು ನಮ್ಮ ದೇಶದಲ್ಲಿ ರೂಪುಗೊಂಡಿತು. ಆ ವೃತ್ತಿಯ ಸ್ವರೂಪವೇನು, ಅದಕ್ಕೆ ಹೈದರಾಬಾದು ಮತ್ತು ಕನ್ನಡನಾಡುಗಳಿಂದ ಸಂದ ಪಾಲೇನು, ಅದರ ಗುಣದೋಷಗಳು ಇಂದಿಗೂ ಹೇಗೆ ಉಳಿದುಬಂದಿವೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಪ್ರಶ್ನೆಯ ಸ್ವರೂಪ

ಸಾಮಾನ್ಯವಾದ ಕೊಲೆಯೊಂದರಲ್ಲಿ ಕೊಂದವನಿಗೂ ಸತ್ತವನಿಗೂ ಏನಾದರೊಂದು ಸಂಬಂಧವಿರುತ್ತದೆ. ಹೊಲದ ಗಡಿ, ಹಳೆಯ ವೈರ, ಸಾಲ, ಮತ್ಸರ, ಹೀಗೆ ಯಾವುದಾದರೊಂದು ಎಳೆಯನ್ನು ಹಿಡಿದು ಹೊರಟರೆ ತನಿಖೆಗಾರನು ಆರೋಪಿಯ ಮನೆಯ ಬಾಗಿಲಿಗೆ ಬಂದು ನಿಲ್ಲಬಹುದು. ಊರಿನವರೇ ಅವನಿಗೆ ಸಾಕ್ಷಿಗಳು. ಊರಿನ ಮಾತೇ ಅವನಿಗೆ ದಾರಿದೀಪ.

ಸಂಘಟಿತ ಅಪರಾಧದಲ್ಲಿ ಈ ಎಳೆಯೇ ಇರುವುದಿಲ್ಲ. ಸತ್ತವನು ಒಂದು ಸೀಮೆಯವನು, ಕೊಂದವನು ಮತ್ತೊಂದು ಸೀಮೆಯವನು. ಕೃತ್ಯ ನಡೆದುದು ಮೂರನೆಯ ಕಡೆ, ಮಾಲು ಮಾರಾಟವಾದುದು ನಾಲ್ಕನೆಯ ಕಡೆ. ಸಂಚು ಹೂಡಿದವನು ಕೊಲೆಯ ಸ್ಥಳದಲ್ಲಿ ಇರಲೇಬೇಕೆಂದಿಲ್ಲ. ಕೈಯಿಂದ ಕೊಂದವನಿಗೆ ಸತ್ತವನ ಹೆಸರೂ ತಿಳಿದಿರಬೇಕೆಂದಿಲ್ಲ. ಆದುದರಿಂದ ಇಲ್ಲಿ ತನಿಖೆಗಾರನು ತನ್ನ ಪ್ರಶ್ನೆಯನ್ನೇ ಬದಲಾಯಿಸಿಕೊಳ್ಳಬೇಕಾಗುತ್ತದೆ. 'ಈ ಕೃತ್ಯವನ್ನು ಮಾಡಿದವರಾರು?' ಎಂದು ಕೇಳುವುದರ ಜತೆಗೆ, 'ಇಂಥ ಕೃತ್ಯಗಳಿಂದಲೇ ಬದುಕುತ್ತಿರುವ ಕೂಟ ಯಾವುದು? ಅದಕ್ಕೆ ಬಂಡವಾಳ ಎಲ್ಲಿಂದ ಬರುತ್ತದೆ, ಆಶ್ರಯ ಎಲ್ಲಿ ದೊರೆಯುತ್ತದೆ, ಮಾಲು ಎಲ್ಲಿಗೆ ಹೋಗುತ್ತದೆ?' ಎಂದೂ ಕೇಳಬೇಕು. ಒಂದು ಕೃತ್ಯದಿಂದ ಒಂದು ಕೂಟಕ್ಕೆ ದೃಷ್ಟಿಯನ್ನು ಹೊರಳಿಸಿದುದೇ ಈ ವೃತ್ತಿಯ ಹುಟ್ಟು. ಮುಂದೆ ಕಾಣುವಂತೆ, ಅದರ ಅಪಾಯವೂ ಅದೇ.

2. ಕನ್ನಡದಲ್ಲಿ ಉಳಿದ ಒಂದು ಹೆಸರು

ಉತ್ತರ ಹಿಂದೂಸ್ಥಾನದಲ್ಲಿ 'ಠಗ್ಗರು' ಎಂದು ಹೆಸರಾದ ಈ ಕೊಲೆಗಡುಕರನ್ನು ದಕ್ಷಿಣದಲ್ಲಿ 'ಫಾಂಸಿಗಾರರು' ಎನ್ನುತ್ತಿದ್ದರು. ಫಾಂಸಿಯೆಂದರೆ ಕೊರಳಿಗೆ ಹಾಕುವ ಉರುಲು. ಇವರ ವಿಷಯವಾಗಿ ಆಂಗ್ಲರು ಬರೆದ ಮೊದಮೊದಲ ವಿಸ್ತಾರವಾದ ಲೇಖನವು ಉತ್ತರದಲ್ಲಿ ಹುಟ್ಟಿದುದಲ್ಲ, ದಕ್ಷಿಣದಲ್ಲಿ ಹುಟ್ಟಿದುದು ಎಂಬುದು ಗಮನಾರ್ಹ. ಮದರಾಸಿನ ಸರಕಾರಿ ವೈದ್ಯನಾಗಿದ್ದ ಶೆರ್ವುಡ್ಡನು 1816ರಲ್ಲಿ ಅದನ್ನು ಅಲ್ಲಿಯ ಸಾಹಿತ್ಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. 1820ರಲ್ಲಿ ಕಲ್ಕತ್ತೆಯ 'ಏಷ್ಯಾಟಿಕ್ ರಿಸರ್ಚಸ್' ಸಂಪುಟದಲ್ಲಿ ಅದು ಮತ್ತೆ ಅಚ್ಚಾಯಿತು. ದಕ್ಷಿಣದ ಬೇರೆ ಬೇರೆ ಭಾಷೆಗಳಲ್ಲಿ ಈ ಜನರಿಗಿದ್ದ ಹೆಸರುಗಳನ್ನು ಆತನು ಅದರಲ್ಲಿ ಪಟ್ಟಿಮಾಡಿದ್ದಾನೆ. ಕನ್ನಡದಲ್ಲಿ ಅವರ ಹೆಸರು 'ತಂತಿಕಳ್ಳರು', ಅಂದರೆ ತಂತಿಯ ಅಥವಾ ನರದ ಉರುಲನ್ನು ಉಪಯೋಗಿಸುವ ಕಳ್ಳರು. ತೆಲುಗಿನ ಹೆಸರಿಗೂ ಉರುಲು ಹಾಕುವವರೆಂಬುದೇ ಅರ್ಥ.

ಈ ಒಂದು ಪದ ನಮಗೆ ಎರಡು ಸಂಗತಿಗಳನ್ನು ತಿಳಿಸುತ್ತದೆ. ಮೊದಲನೆಯದಾಗಿ, ಸರಕಾರದ ಕಣ್ಣಿಗೆ ಬೀಳುವ ಮೊದಲೇ ಜನರಿಗೆ ಇವರ ವಿಷಯ ತಿಳಿದಿತ್ತು. ಹೆಸರಿಲ್ಲದ ವಸ್ತುವಿಗೆ ಜನ ಹೆಸರಿಡುವುದಿಲ್ಲವಷ್ಟೆ. ಎರಡನೆಯದಾಗಿ, ಕನ್ನಡಿಗರು ಇವರನ್ನು ಗುರುತಿಸಿದುದು ಕುಲದಿಂದಲ್ಲ, ಮತದಿಂದಲ್ಲ. ಅವರು ಕೈಯಲ್ಲಿ ಹಿಡಿದ ಸಾಧನದಿಂದ ಮತ್ತು ಮಾಡುವ ಕೃತ್ಯದಿಂದ. ಈ ವಿವೇಕವು ಮುಂದೆ ಕಾನೂನು ಮಾಡಿದವರಿಗೆ ಇದ್ದಿದ್ದರೆ ಎಷ್ಟು ಅನರ್ಥ ತಪ್ಪುತ್ತಿತ್ತೆಂಬುದನ್ನು ಮುಂದಿನ ಭಾಗದಲ್ಲಿ ನೋಡುವೆವು. 'ಠಕ್ಕ' ಎಂಬ ಶಬ್ದವು ಕನ್ನಡದಲ್ಲಿ ಬೇರೆಯಾಗಿಯೇ ಉಂಟು. ಆದರೆ ಅದರ ಅರ್ಥ ಮೋಸಗಾರನೆಂಬಲ್ಲಿಗೇ ನಿಂತಿದೆ, ಕೊಲೆಗಾರನೆಂಬಲ್ಲಿಗೆ ಮುಟ್ಟಿಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಸ್ವಲ್ಪ ಕಾಲದಲ್ಲಿಯೇ ಬೆಂಗಳೂರಿನ ಸುತ್ತಮುತ್ತ ಇಂಥವರು ಸುಮಾರು ನೂರು ಮಂದಿ ಸೆರೆಸಿಕ್ಕರು. ಆದರೆ ಇವರೆಲ್ಲ ಒಂದೇ ಕಸುಬಿನವರೆಂಬುದು ಆಗ ಅಧಿಕಾರಿಗಳಿಗೆ ಹೊಳೆಯಲಿಲ್ಲ. 1807ರಲ್ಲಿ ತಿರುವಾಂಕೂರಿನ ಕಡೆಯಿಂದ ಕೊಳ್ಳೆಯೊಡನೆ ಮರಳುತ್ತಿದ್ದ ಒಂದು ತಂಡದ ಕೆಲವರು ಚಿತ್ತೂರು ಮತ್ತು ಆರ್ಕಾಟುಗಳ ನಡುವೆ ಸಿಕ್ಕಿಬಿದ್ದ ಮೇಲೆ ಸಂಗತಿಯು ಹೊರಬರಲಾರಂಭಿಸಿತು. ಹೈದರಾಲಿಯು ಇಂಥವರನ್ನು ವಿಚಾರಣೆಯ ವಿಳಂಬವಿಲ್ಲದೆ ನಿರ್ಮೂಲಮಾಡುತ್ತಿದ್ದನೆಂದೂ, ಟಿಪ್ಪುವಿನ ಕಾಲದಲ್ಲಿ ಕೆಲವರಿಗೆ ಕಠಿನ ದುಡಿಮೆಯನ್ನೂ ಕೆಲವರಿಗೆ ಅಂಗಚ್ಛೇದವನ್ನೂ ವಿಧಿಸಲಾಗುತ್ತಿತ್ತೆಂದೂ ಶೆರ್ವುಡ್ಡನು ಬರೆದಿದ್ದಾನೆ. ಶಿಕ್ಷೆ ಎಷ್ಟೇ ಉಗ್ರವಾಗಿದ್ದರೂ ಕಸುಬು ನಿಲ್ಲಲಿಲ್ಲ; ಏಕೆಂದರೆ ಶಿಕ್ಷೆಯು ಸಿಕ್ಕಿದವನಿಗೆ ಮಾತ್ರ ತಾಗುತ್ತಿತ್ತು, ಕೂಟಕ್ಕೆ ತಾಗುತ್ತಿರಲಿಲ್ಲ.

3. ಅಪರಾಧವು ಅಡಗಿದ್ದುದು ಹೇಗೆ?

ಇಷ್ಟು ದೊಡ್ಡ ಪ್ರಮಾಣದ ಹತ್ಯೆಗಳು ಬಹುಕಾಲ ಪತ್ತೆಯಾಗದೆ ಉಳಿದುದೇಕೆಂಬ ಸಂದೇಹ ಓದುಗರಲ್ಲಿ ಹುಟ್ಟುವುದು ಸಹಜ. ಇದಕ್ಕೆ ನಾಲ್ಕು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಪ್ರಯಾಣಿಕನ ಅನಾಥಸ್ಥಿತಿ. ರೈಲು, ತಂತಿಗಳಿಲ್ಲದ ಆ ಕಾಲದಲ್ಲಿ ಊರು ಬಿಟ್ಟವನು ತಿಂಗಳುಗಟ್ಟಲೆ ಬರದಿದ್ದರೂ ಮನೆಯವರು ಗಾಬರಿಗೊಳ್ಳುತ್ತಿರಲಿಲ್ಲ. ಅವರಿಗೆ ಅನುಮಾನ ಹುಟ್ಟುವ ಹೊತ್ತಿಗೆ ದೇಹ ಮಣ್ಣಾಗಿರುತ್ತಿತ್ತು. ಸಂಬಳವನ್ನು ಸೊಂಟದಲ್ಲಿ ಕಟ್ಟಿಕೊಂಡು ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗಳು ಇವರಿಗೆ ಮೆಚ್ಚಿನ ಬೇಟೆ. 1810ರಲ್ಲಿ ಸೇನಾಧಿಪತಿ ಸೇಂಟ್ ಲೆಜರನು ಹೊರಡಿಸಿದ ಆಜ್ಞೆಯಲ್ಲಿ, ಸಿಪಾಯಿಗಳು ನಗದು ಹಣವನ್ನು ಒಯ್ಯಬಾರದು, ಹುಂಡಿಯ ಮೂಲಕ ಕಳುಹಿಸಬೇಕು, ದಾರಿಯಲ್ಲಿ ಗೆಳೆತನ ಬೆಳೆಸುವ ಅಪರಿಚಿತರನ್ನು ನಂಬಬಾರದು ಎಂಬ ಎಚ್ಚರಿಕೆಯಿದೆ. ಪರಸ್ಥಳದಲ್ಲಿ ದುಡಿದು ಮನೆಗೆ ಹಣ ಕಳುಹಿಸುವವನೇ ಮೋಸಕ್ಕೆ ಸುಲಭವಾಗಿ ಸಿಕ್ಕುವವನೆಂಬ ಈ ಮಾತನ್ನು ವಲಸೆಗಾರರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು, ಶ್ರಮವಿಭಾಗ. ಪ್ರಯಾಣಿಕನೊಡನೆ ಮಾತು ಬೆಳೆಸಿ ನಂಬಿಸುವವನು 'ಸೋಥಾ', ಕೊರಳಿಗೆ ವಸ್ತ್ರವನ್ನು ಬಿಗಿಯುವವನು 'ಭುರ್ತೋಟ', ಗುಂಡಿ ತೋಡಿ ಹೂಳುವವನು 'ಲುಘಾ'. ಹೂಳಲು ಗೊತ್ತುಮಾಡಿದ ಸ್ಥಳ 'ಬೇಲ್'. ಒಬ್ಬೊಬ್ಬನದೂ ಒಂದೊಂದು ಕೆಲಸ, ಎಲ್ಲರಿಗೂ ಪಾಲು. ಈ ಮಾತುಗಳು 'ರಾಮಾಸಿ'ಯೆಂಬ ಅವರ ಗುಪ್ತಭಾಷೆಗೆ ಸೇರಿದವು.

ಮೂರನೆಯದು, ಆಶ್ರಯ. ಊರಿನ ಪಟೇಲ, ಜಮೀನುದಾರ, ಸಾಹುಕಾರರಲ್ಲಿ ಕೆಲವರು ಪಾಲು ಪಡೆದು ಕಣ್ಣುಮುಚ್ಚಿಕೊಳ್ಳುತ್ತಿದ್ದರು. ತಮ್ಮ ಊರಿನಲ್ಲಿ ಸಾಧುವಾಗಿ ಬದುಕಿ, ಕಂದಾಯವನ್ನು ಸರಿಯಾಗಿ ಕೊಡುವವನನ್ನು ಯಾರು ತಾನೇ ಶಂಕಿಸಿಯಾರು?

ನಾಲ್ಕನೆಯದು, ಗಡಿ. ಕಂಪೆನಿಯ ಸೀಮೆ, ನಿಜಾಮನ ಸೀಮೆ, ಮರಾಠ ಸರದಾರರ ಸೀಮೆ, ಹೀಗೆ ಹರಿದು ಹಂಚಿಹೋಗಿದ್ದ ದೇಶದಲ್ಲಿ ಒಂದು ಗಡಿಯನ್ನು ದಾಟಿದ ತಂಡವು ಒಂದು ಕಾನೂನಿನಿಂದ ಪಾರಾದಂತೆಯೇ ಸರಿ. ಕೊಲೆ ಮಾಡುವವರಿಗೆ ದೇಶವೆಲ್ಲ ಒಂದೇ. ಹಿಡಿಯುವವರಿಗೆ ಮಾತ್ರ ಅದು ನೂರು ತುಂಡು.

4. ನಿಜಾಮನ ಸೀಮೆಯಲ್ಲಿ

ಸುರಪುರದ ಚರಿತ್ರೆಯನ್ನು ಬಲ್ಲ ಕನ್ನಡಿಗರಿಗೆ ಮೆಡೋಸ್ ಟೇಲರನ ಹೆಸರು ಅಪರಿಚಿತವಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಹುಡುಗನಾಗಿಯೇ ಮುಂಬಯಿಗೆ ಬಂದಿಳಿದ ಈತನು ನಿಜಾಮನ ಸೈನ್ಯವನ್ನು ಸೇರಿದನು. ಮುಂದೆ 1840ರ ದಶಕದಲ್ಲಿ ಬಾಲಕನಾಗಿದ್ದ ವೆಂಕಟಪ್ಪ ನಾಯಕನ ಪರವಾಗಿ ಸುರಪುರದ ಆಡಳಿತವನ್ನು ನೋಡಿಕೊಂಡವನು ಇವನೇ. ಆದರೆ ಅದಕ್ಕೂ ಮೊದಲು, 1820ರ ದಶಕದ ಕೊನೆಯಲ್ಲಿ, ಸದಾಶಿವಪೇಟೆ ತುಳಜಾಪುರಗಳ ಕಡೆಯ ಸೀಮೆಯಲ್ಲಿ ಪೊಲೀಸು ಅಧಿಕಾರಿಯಾಗಿ ಕೆಲಸಮಾಡಿದ್ದನು. ಅಂದರೆ ನಾವು ಮೊದಲು ಹೇಳಿದ ಹೆದ್ದಾರಿಯ ಸೀಮೆಯೇ ಅವನ ಕಾರ್ಯಕ್ಷೇತ್ರ. ದಾರಿಯಲ್ಲಿ ಅಪರಿಚಿತರ ಶವಗಳು ದೊರೆತ ಸುದ್ದಿಗಳು ಅವನ ಕಿವಿಗೆ ಬಿದ್ದಿದ್ದವು. ಅವನು ವಿಚಾರಣೆಗೂ ತೊಡಗಿದ್ದನು. ಅಷ್ಟರಲ್ಲಿ ಅವನನ್ನು ಸೈನ್ಯದ ಕೆಲಸಕ್ಕೆ ಹಿಂದಕ್ಕೆ ಕರೆಯಲಾಯಿತು. ಹಾಗಾಗದಿದ್ದರೆ ಠಗ್ಗರ ಕೂಟವನ್ನು ಬಯಲಿಗೆಳೆದ ಕೀರ್ತಿ ತನಗೇ ಸಲ್ಲುತ್ತಿತ್ತೆಂಬ ಕೊರಗನ್ನು ಅವನ ಮರಣಾನಂತರ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಕಾಣಬಹುದು. ಅನುಭವವಿದ್ದ ಅಧಿಕಾರಿಯನ್ನು ತನಿಖೆಯ ಮಧ್ಯದಲ್ಲಿ ವರ್ಗಮಾಡುವ ಪದ್ಧತಿ ಎಷ್ಟು ಹಳೆಯದೆಂಬುದಕ್ಕೆ ಇದೊಂದು ನಿದರ್ಶನ.

1830ರ ದಶಕದಲ್ಲಿ ಟೇಲರನು ಸೆರೆಸಿಕ್ಕ ಠಗ್ಗರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸದಲ್ಲಿ ಭಾಗಿಯಾದನು. ಅದರ ಆಧಾರದ ಮೇಲೆ ಅವನು ಬರೆದ 'ಕನ್ಫೆಷನ್ಸ್ ಆಫ್ ಎ ಠಗ್' 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಬಹಳ ಪ್ರಸಿದ್ಧವಾಯಿತು. ಅದು ಕಾದಂಬರಿ, ಇತಿಹಾಸವಲ್ಲ, ಎಂಬುದನ್ನು ಮರೆಯಬಾರದು. ಆದರೆ ಅದರ ಪೀಠಿಕೆಯಲ್ಲಿರುವ ಒಂದು ಸಂಗತಿಯು ತನಿಖೆಗಾರರೆಲ್ಲ ಮನನ ಮಾಡತಕ್ಕದ್ದು. ನಿಜಾಮನ ರಾಜ್ಯದ ಹಿಂಗೋಲಿಯೆಂಬ ದಂಡಿನ ಪೇಟೆಯಲ್ಲಿ ಹರಿಸಿಂಗನೆಂಬ ಗಣ್ಯ ವರ್ತಕನಿದ್ದನು. ಟೇಲರನೂ ಅವನೊಡನೆ ವ್ಯವಹರಿಸಿದ್ದನು. ಮುಂಬಯಿಯಿಂದ ಬಟ್ಟೆಯ ಮಾಲನ್ನು ತರಿಸಿಕೊಳ್ಳಲು ಅವನು ಅಧಿಕಾರಿಯಾದ ಕ್ಯಾಪ್ಟನ್ ರೆನಾಲ್ಡ್ಸನಿಂದ ರಹದಾರಿಯನ್ನು ಪಡೆದನು. ಆ ಮಾಲು ನಿಜವಾಗಿ ಬೇರೊಬ್ಬ ವ್ಯಾಪಾರಿಯದು. ದಾರಿಯಲ್ಲಿ ಆ ವ್ಯಾಪಾರಿಯನ್ನೂ ಅವನ ಆಳುಗಳನ್ನೂ ಕೊಂದು, ಸರಕಾರದ ರಹದಾರಿಯ ಬಲದಿಂದಲೇ ಮಾಲನ್ನು ಹಿಂಗೋಲಿಗೆ ತಂದು, ದಂಡಿನ ಪೇಟೆಯಲ್ಲಿ ಬಹಿರಂಗವಾಗಿ ಮಾರಿದನು. ತಾನು ಸೆರೆಸಿಕ್ಕ ಮೇಲೆ ಅವನೇ ಇದನ್ನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಸಂಘಟಿತ ಅಪರಾಧದ ನಿಜವಾದ ಮುಖ ಇದು. ಅದು ಕಾಡಿನಲ್ಲಿ ಅಡಗಿರುವುದಿಲ್ಲ. ಪೇಟೆಯ ನಡುವೆ ಅಂಗಡಿಯಿಟ್ಟುಕೊಂಡು, ಸರಕಾರದ ಮೊಹರಿನ ಕಾಗದವನ್ನು ಕೈಯಲ್ಲಿ ಹಿಡಿದು ಕುಳಿತಿರುತ್ತದೆ.

5. ಸ್ಲೀಮನ್ನನ ಕ್ರಮ

ಈ ಕೂಟಗಳನ್ನು ಒಡೆಯುವ ಕ್ರಮವನ್ನು ವ್ಯವಸ್ಥಿತವಾಗಿ ರೂಪಿಸಿದವನು ವಿಲಿಯಂ ಸ್ಲೀಮನ್. 1820ರ ದಶಕದ ಮೊದಲಲ್ಲಿ ಅವನು ನರ್ಮದಾ ತೀರದ ನರಸಿಂಗಪುರ ಜಿಲ್ಲೆಯ ಅಧಿಕಾರಿಯಾಗಿದ್ದನು. ತನ್ನ ಕಚೇರಿಯಿಂದ ಕೂಗಳತೆಯ ಹಳ್ಳಿಯಲ್ಲಿಯೇ ಒಂದು ಠಗ್ಗರ ತಂಡವು ವಾಸವಾಗಿತ್ತೆಂಬುದು ಅವನಿಗೆ ಗೊತ್ತಾದುದು ಎಷ್ಟೋ ವರ್ಷಗಳ ಮೇಲೆ. 1835ರಲ್ಲಿ ಅವನು ಠಗ್ಗರ ನಿರ್ಮೂಲನ ಕಾರ್ಯದ ಮುಖ್ಯಾಧಿಕಾರಿಯಾದನು. 1839ರಲ್ಲಿ ದರೋಡೆಯ ವಿಚಾರವೂ ಅವನ ಪಾಲಿಗೆ ಬಂದಿತು. ಜಬಲ್ಪುರವು ಅವನ ಕೇಂದ್ರ. ಹೈದರಾಬಾದಿನ ಸೀಮೆಯಲ್ಲಿ ರೆನಾಲ್ಡ್ಸನು ಇದೇ ಕಾರ್ಯವನ್ನು ನಡೆಸಿ, ತನ್ನ ಟಿಪ್ಪಣಿಗಳನ್ನು 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು.

ಸ್ಲೀಮನ್ನನ ಕ್ರಮವನ್ನು ಐದು ಹಂತಗಳಾಗಿ ವಿಂಗಡಿಸಬಹುದು. ಮೊದಲು, ಕೂಟದ ಒಬ್ಬನಿಗೆ ಪ್ರಾಣಭಿಕ್ಷೆಯ ಭರವಸೆಯನ್ನಿತ್ತು ಮಾಫಿಸಾಕ್ಷಿಯನ್ನಾಗಿ ಮಾಡುವುದು. ಎರಡನೆಯದು, ಇಂಥ ಅನೇಕರನ್ನು ಬೇರೆ ಬೇರೆಯಾಗಿಟ್ಟು, ಒಬ್ಬನ ಮಾತು ಮತ್ತೊಬ್ಬನಿಗೆ ತಿಳಿಯದಂತೆ ಹೇಳಿಕೆಗಳನ್ನು ಬರೆದುಕೊಂಡು ತಾಳೆನೋಡುವುದು. ಮೂರನೆಯದು, ಅವರು ತೋರಿಸಿದ ಸ್ಥಳಗಳನ್ನು ಅಗೆಸಿ, ಮೂಳೆ, ಬಟ್ಟೆ, ಒಡವೆಗಳನ್ನು ಹೊರತೆಗೆದು, ಸತ್ತವರ ಬಂಧುಗಳಿಂದ ಗುರುತು ಹಿಡಿಸುವುದು. ನಾಲ್ಕನೆಯದು, ಪ್ರತಿಯೊಬ್ಬನ ಹೆಸರು, ಊರು, ವಂಶ, ತಂಡ, ಯಾತ್ರೆಗಳನ್ನು ಒಂದೆಡೆ ದಾಖಲೆಮಾಡಿ, ವಂಶವೃಕ್ಷಗಳನ್ನೂ ಕೊಲೆಯ ಸ್ಥಳಗಳ ನಕ್ಷೆಗಳನ್ನೂ ಸಿದ್ಧಪಡಿಸುವುದು. ಐದನೆಯದು, ಈ ದಾಖಲೆಯ ಪ್ರತಿಗಳನ್ನು ದೇಶದ ನಾನಾ ಭಾಗಗಳ ಅಧಿಕಾರಿಗಳಿಗೆ ಮುಟ್ಟಿಸಿ, ಗಡಿಯ ಅಡ್ಡಿಯನ್ನು ನಿವಾರಿಸುವುದು. ಅವನು 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚುಮಾಡಿಸಿದ 'ರಾಮಾಸೀಯಾನ' ಎಂಬ ಗ್ರಂಥವು ಗುಪ್ತಭಾಷೆಯ ಕೋಶವೂ ಹೌದು, ಮಾಫಿಸಾಕ್ಷಿಗಳೊಡನೆ ನಡೆಸಿದ ಸಂಭಾಷಣೆಗಳ ಸಂಗ್ರಹವೂ ಹೌದು.

ಈ ಕ್ರಮದ ಕೀಲಕವು ಮೂರನೆಯ ಹಂತದಲ್ಲಿದೆಯೆಂಬುದನ್ನು ಒತ್ತಿ ಹೇಳಬೇಕು. ಮಾಫಿಸಾಕ್ಷಿಯ ಮಾತು ಎಷ್ಟೇ ವಿವರವಾಗಿದ್ದರೂ ಅದು ಕೇವಲ ಮಾತು. ನೆಲದಿಂದ ಹೊರಬಿದ್ದ ಮೂಳೆ ಮಾತ್ರ ಸಾಕ್ಷ್ಯ. 1830ರ ಕೊನೆಯಲ್ಲಿ ಸೆರೆಸಿಕ್ಕ ಫಿರಂಗಿಯಾ ಎಂಬ ನಾಯಕನು, ಸ್ಲೀಮನ್ನನ ಡೇರೆ ಹಾಕಿದ್ದ ತೋಪಿನಲ್ಲಿಯೇ ಹೂಳಿದ ಹೆಣಗಳಿವೆಯೆಂದು ಹೇಳಿ ತೋರಿಸಿಕೊಟ್ಟ ಮೇಲೆಯೇ ಅವನ ಹೇಳಿಕೆಗೆ ಬೆಲೆ ಬಂದಿತು. ಆದರೆ ಆ ನಾಯಕನು ಕೈಗೆ ಸಿಕ್ಕಿದುದು, ಅವನ ತಾಯಿ, ಹೆಂಡತಿ, ಮಗುವನ್ನು ಹಿಡಿದಿಟ್ಟುಕೊಂಡ ಬಳಿಕ ಎಂಬುದನ್ನೂ ಮರೆಮಾಚಲಾಗದು.

1831ರಿಂದ 1837ರವರೆಗಿನ ಅವಧಿಯಲ್ಲಿ 3266 ಮಂದಿ ಠಗ್ಗರೆಂದು ಎಣಿಕೆಯಾದವರ ವಿಷಯವು ತೀರ್ಮಾನವಾಯಿತು. ಅವರಲ್ಲಿ 412 ಮಂದಿಗೆ ಗಲ್ಲಾಯಿತು. 483 ಮಂದಿ ಮಾಫಿಸಾಕ್ಷಿಗಳಾದರು. ಉಳಿದವರಲ್ಲಿ ಬಹುಮಂದಿಗೆ ದ್ವೀಪಾಂತರವಾಸ ಅಥವಾ ಜೀವಾವಧಿ ಸೆರೆ. ಗಲ್ಲಿಗೇರಿದವರಿಗಿಂತ ಸಾಕ್ಷಿ ಹೇಳಿ ಉಳಿದುಕೊಂಡವರೇ ಹೆಚ್ಚೆಂಬ ಈ ಲೆಕ್ಕವು ಓದುಗರನ್ನು ಒಂದು ಕ್ಷಣ ನಿಲ್ಲಿಸಬೇಕು.

6. ಕಾನೂನು ಮಾರ್ಪಟ್ಟ ಬಗೆ

ಕೃತ್ಯದಿಂದ ಕೂಟಕ್ಕೆ ಹೊರಳಿದ ದೃಷ್ಟಿಗೆ ತಕ್ಕಂತೆ ಕಾನೂನೂ ಹೊರಳಿತು. 1836ರ 30ನೆಯ ಕಾಯಿದೆಯ ಪ್ರಕಾರ, ಒಬ್ಬನು ಯಾವುದೇ ಕಾಲದಲ್ಲಿ, ಕಂಪೆನಿಯ ಸೀಮೆಯ ಒಳಗಾಗಲಿ ಹೊರಗಾಗಲಿ, ಠಗ್ಗರ ತಂಡಕ್ಕೆ ಸೇರಿದ್ದನೆಂದು ಸಿದ್ಧವಾದರೆ ಸಾಕು. ಅವನಿಗೆ ಕಠಿನ ದುಡಿಮೆಯೊಡನೆ ಜೀವಾವಧಿ ಸೆರೆ. ಇಂಥ ದಿನ ಇಂಥವನನ್ನು ಕೊಂದನೆಂದು ತೋರಿಸಬೇಕಾದ ಅಗತ್ಯ ಉಳಿಯಲಿಲ್ಲ. 1837ರ 19ನೆಯ ಕಾಯಿದೆಯು, ಶಿಕ್ಷೆ ಹೊಂದಿದವನೆಂಬ ಕಾರಣದಿಂದ ಯಾರ ಸಾಕ್ಷ್ಯವನ್ನೂ ತಳ್ಳಿಹಾಕಬಾರದೆಂದು ವಿಧಿಸಿತು. 1860ರ ಭಾರತ ದಂಡಸಂಹಿತೆಯ 310 ಮತ್ತು 311ನೆಯ ಕಲಮುಗಳಲ್ಲಿ 'ಠಗ್' ಎಂಬ ಶಬ್ದವೇ ಅಪರಾಧದ ಹೆಸರಾಗಿ ನಿಂತಿತು; 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬರುವವರೆಗೂ ಅದು ಅಲ್ಲಿತ್ತು.

ಇದರ ಲಾಭವು ಸ್ಪಷ್ಟವಾಗಿದೆ. ಗಡಿ ದಾಟಿದವನು ಪಾರಾಗುವುದು ತಪ್ಪಿತು. ಸಂಚು ಹೂಡಿ ದೂರದಲ್ಲಿ ಕುಳಿತವನೂ ಸಿಕ್ಕಿಬಿದ್ದನು. ಆದರೆ ಹಾನಿಯೂ ಅಷ್ಟೇ ಸ್ಪಷ್ಟ. ಮಾಡಿದ್ದಕ್ಕಾಗಿ ಅಲ್ಲ, ಸೇರಿದ್ದಕ್ಕಾಗಿ ಶಿಕ್ಷೆಯೆಂದ ಮೇಲೆ, ಸೇರಿದ್ದನೆಂದು ಹೇಳುವವನು ಯಾರು? ತನ್ನ ಪ್ರಾಣ ಉಳಿಸಿಕೊಳ್ಳಬೇಕಾದ ಇನ್ನೊಬ್ಬ ಅಪರಾಧಿ. ಹೆಚ್ಚು ಹೆಸರುಗಳನ್ನು ಹೇಳಿದಷ್ಟೂ ಅವನ ಬೆಲೆ ಹೆಚ್ಚು. ಇಂಥ ಸಾಕ್ಷಿಯಿಂದ ಎಷ್ಟು ಮಂದಿ ನಿರಪರಾಧಿಗಳು ಸೆರೆಮನೆಯಲ್ಲಿ ಕೊಳೆತರೆಂದು ಇಂದು ಯಾರೂ ಲೆಕ್ಕಹಾಕಲಾರರು. 1872ರ ಸಾಕ್ಷ್ಯ ಕಾಯಿದೆಯು ಈ ಅಪಾಯವನ್ನು ಮನಗಂಡು, ಸಹಾಪರಾಧಿಯ ಮಾತಿಗೆ ಮುಖ್ಯ ವಿಷಯಗಳಲ್ಲಿ ಬೇರೆ ಆಧಾರ ದೊರೆಯದಿದ್ದರೆ ಅದನ್ನು ನಂಬಲರ್ಹವಲ್ಲವೆಂದು ನ್ಯಾಯಾಲಯ ಭಾವಿಸಬಹುದೆಂದಿತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡಕೂಡದೆಂದೂ ಅದೇ ಕಾಯಿದೆ ವಿಧಿಸಿತು.

7. ಕೂಟದಿಂದ ಕುಲಕ್ಕೆ

ಇನ್ನೂ ದೊಡ್ಡ ಅನರ್ಥವು ಮುಂದೆ ನಡೆಯಿತು. ಕೂಟವನ್ನು ಗುರುತಿಸಲು ಹೊರಟ ಸರಕಾರವು ಕ್ರಮೇಣ ಕುಲವನ್ನೇ ಗುರುತಿಸತೊಡಗಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲೆಮಾಡಿ, ಅವರ ಓಡಾಟಕ್ಕೆ ಪೊಲೀಸರ ಅಪ್ಪಣೆಯನ್ನು ಕಡ್ಡಾಯಮಾಡಲು ಅವಕಾಶ ಕೊಟ್ಟಿತು. ಮುಂದಿನ ತಿದ್ದುಪಡಿಗಳಿಂದ ಅದು ದೇಶವೆಲ್ಲ ವ್ಯಾಪಿಸಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಬೇಲಿಯಿಂದ ಸುತ್ತುವರಿದ ವಸತಿಗಳನ್ನು ನಿರ್ಮಿಸಿ ಇಂಥವರನ್ನು ಇಡಲಾಯಿತು. ಹುಬ್ಬಳ್ಳಿಯಲ್ಲಿ 'ಸೆಟ್ಲ್‌ಮೆಂಟ್' ಎಂಬ ಹೆಸರು ಇಂದಿಗೂ ಉಳಿದಿದೆ. 1952ರಲ್ಲಿ ಆ ಕಾಯಿದೆಯು ದೇಶಾದ್ಯಂತ ರದ್ದಾಗಿ ಆ ಜನರು 'ವಿಮುಕ್ತ'ರೆನಿಸಿದರೂ, ಅಂಟಿದ ಕಳಂಕವು ಕಾಯಿದೆಯೊಡನೆ ಅಳಿಯಲಿಲ್ಲ.

ಆಧುನಿಕ ಸಂಶೋಧಕರಲ್ಲಿ ರಾಧಿಕಾ ಸಿಂಘ (1998), ಕಿಮ್ ವ್ಯಾಗ್ನರ್ (2007) ಮೊದಲಾದವರು ಈ ಹಿನ್ನೆಲೆಯಲ್ಲಿ ಠಗ್ಗರ ದಾಖಲೆಗಳನ್ನು ಮರುಪರಿಶೀಲಿಸಿದ್ದಾರೆ. ದಾರಿಗಳ್ಳರ ಕೊಲೆಗಳು ನಿಜ. ಆದರೆ ದೇಶವ್ಯಾಪಿಯಾದ, ದೇವಿಯ ಹೆಸರಿನಲ್ಲಿ ಕೊಲ್ಲುವ ಒಂದೇ ಗುಪ್ತಪಂಥವಿತ್ತೆಂಬ ಚಿತ್ರದಲ್ಲಿ ಅಧಿಕಾರಿಗಳ ಕಲ್ಪನೆಯ ಪಾಲೂ ಸಾಕಷ್ಟಿದೆಯೆಂಬುದು ಇಂಥ ಅಧ್ಯಯನಗಳಿಂದ ತಿಳಿದುಬರುತ್ತದೆ. ಬರಗಾಲ, ಸೈನ್ಯಗಳ ವಿಸರ್ಜನೆ, ನಿರುದ್ಯೋಗ ಇವುಗಳನ್ನು ಬಿಟ್ಟು ಕೇವಲ ಪಂಥವನ್ನು ನೋಡಿದರೆ ಸತ್ಯದ ಅರ್ಧವಷ್ಟೇ ಕಂಡೀತು. 'ತಂತಿಕಳ್ಳ'ನೆಂಬ ನಮ್ಮ ಜನರ ಹೆಸರು ಕೃತ್ಯವನ್ನು ಹಿಡಿದಿತ್ತು. ಸರಕಾರದ ಪಟ್ಟಿಯು ರಕ್ತವನ್ನು ಹಿಡಿಯಿತು.

8. ಇಂದಿನ ತನಿಖೆಗಾರನು

ಠಗ್ಗಿ ಮತ್ತು ದರೋಡೆ ಇಲಾಖೆಯು 1904ರವರೆಗೂ ಬದುಕಿತ್ತು. ಪೊಲೀಸು ಆಯೋಗದ ಶಿಫಾರಸಿನ ಮೇಲೆ ಅದನ್ನು ಮುಚ್ಚಿ, ಕೇಂದ್ರದ ಅಪರಾಧ ಗುಪ್ತಚಾರ ಇಲಾಖೆಯನ್ನು ಸ್ಥಾಪಿಸಲಾಯಿತು. ಇಂದಿನ ಗುಪ್ತಚರ ಮಂಡಲಿಯು ಅದರ ಸಂತತಿ. ಮಹಾರಾಷ್ಟ್ರವು 1999ರಲ್ಲಿಯೂ ಕರ್ನಾಟಕವು ಅದನ್ನನುಸರಿಸಿ 2000ದಲ್ಲಿಯೂ ಸಂಘಟಿತ ಅಪರಾಧ ನಿಯಂತ್ರಣ ಕಾಯಿದೆಗಳನ್ನು ಮಾಡಿದವು. ಮುಂಬಯಿಯ ಮೇಲೆ ನಡೆದ ದಾಳಿಯ ಬಳಿಕ 2008ರ ಕೊನೆಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯ ಕಾಯಿದೆ ಬಂದಿತು. ಭಾರತೀಯ ನ್ಯಾಯ ಸಂಹಿತೆಯ 111ನೆಯ ಕಲಮು ಅಪಹರಣ, ಸುಲಿಗೆ, ಭೂಕಬಳಿಕೆ, ಸುಪಾರಿ ಕೊಲೆ, ಆರ್ಥಿಕ ಅಪರಾಧ, ಸೈಬರ್ ಅಪರಾಧ, ಮಾನವ ಸಾಗಾಟ ಮೊದಲಾದವನ್ನು ಕೂಟವಾಗಿ ನಡೆಸುವುದನ್ನೇ ಒಂದು ಅಪರಾಧವೆಂದು ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿದೆ.

1836ರ ಪ್ರಶ್ನೆಯು ಇಂದಿಗೂ ಜೀವಂತವಾಗಿದೆಯೆಂಬುದಕ್ಕೆ ಕನ್ನಡನಾಡಿನದೇ ಒಂದು ನಿದರ್ಶನವಿದೆ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾಯಿತು. ವಿಶೇಷ ತನಿಖಾ ದಳವು ಆರೋಪಿಗಳ ಮೇಲೆ ಕರ್ನಾಟಕದ ಸಂಘಟಿತ ಅಪರಾಧ ಕಾಯಿದೆಯನ್ನು ಅನ್ವಯಿಸಿತು. ಒಬ್ಬ ಆರೋಪಿಯ ಮಟ್ಟಿಗೆ ಅದನ್ನು ಉಚ್ಚ ನ್ಯಾಯಾಲಯವು ರದ್ದುಮಾಡಿತು. 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿತು. ಹಿಂದಿನ ದೋಷಾರೋಪಣ ಪಟ್ಟಿಗಳು ಪ್ರತಿಯೊಬ್ಬ ವ್ಯಕ್ತಿಯ ಮೇಲೂ ಇರಬೇಕೆಂದಿಲ್ಲ, ಕೂಟದ ಮೇಲಿದ್ದು ವ್ಯಕ್ತಿಗೆ ಆ ಕೂಟದೊಡನೆ ಸಂಬಂಧವಿದ್ದರೆ ಸಾಕು ಎಂಬುದು ತೀರ್ಪಿನ ತಾತ್ಪರ್ಯ. ಆರೋಪಗಳು ಸತ್ಯವೇ ಎಂಬುದು ವಿಚಾರಣೆಯಿಂದ ತಿಳಿಯಬೇಕಾದ ಬೇರೆಯ ಮಾತು. ಕರ್ನಾಟಕದ ಇದೇ ಕಾಯಿದೆಯಲ್ಲಿ, ಪೊಲೀಸ್ ಸೂಪರಿಂಟೆಂಡೆಂಟರಿಗೆ ಕಡಿಮೆಯಿಲ್ಲದ ದರ್ಜೆಯ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೆಲವು ನಿಬಂಧನೆಗಳೊಡನೆ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದಿದೆ. 1872ರಲ್ಲಿ ಮುಚ್ಚಿದ ಬಾಗಿಲನ್ನು ಇದು ಸ್ವಲ್ಪ ತೆರೆದಿದೆಯೆನ್ನಬಹುದು.

ಕೂಕಟ್‌ಪಲ್ಲಿಯಂಥ ಬಡಾವಣೆಯಲ್ಲಿ ಇಂದು ವಾಸಿಸುವವನು ಉರುಲಿಗೆ ಹೆದರಬೇಕಾಗಿಲ್ಲ. ಆದರೆ ದೂರವಾಣಿಯಲ್ಲಿ ಅಧಿಕಾರಿಯಂತೆ ಮಾತನಾಡಿ ಹೆದರಿಸಿಯೋ, ಕೆಲಸ ಕೊಡಿಸುವೆನೆಂದು ನಂಬಿಸಿಯೋ ಹಣ ಕೀಳುವ ಕೂಟಗಳ ರಚನೆಯನ್ನು ನೋಡಿದರೆ, ಹಳೆಯ ಶ್ರಮವಿಭಾಗವೇ ಹೊಸ ವೇಷದಲ್ಲಿ ಕಾಣುತ್ತದೆ. ಮಾತಿನಿಂದ ನಂಬಿಸುವವನೊಬ್ಬ, ಹಣವನ್ನು ಕಸಿಯುವವನೊಬ್ಬ, ಅದನ್ನು ಬಾಡಿಗೆಯ ಬ್ಯಾಂಕು ಖಾತೆಗಳ ಸರಣಿಯಲ್ಲಿ ಹೂತುಬಿಡುವವನೊಬ್ಬ. ಸೋಥಾ, ಭುರ್ತೋಟ, ಲುಘಾ ಎಂದರೆ ತಪ್ಪಾಗದು. ಗಡಿಯ ಸಮಸ್ಯೆಯೂ ಹಾಗೆಯೇ ಇದೆ: ಹಣ ಕಳೆದುಕೊಂಡವನು ಹೈದರಾಬಾದಿನಲ್ಲಿ, ಖಾತೆ ಮತ್ತೊಂದು ರಾಜ್ಯದಲ್ಲಿ, ಸೂತ್ರಧಾರನು ಹೊರದೇಶದಲ್ಲಿ. ಅದಕ್ಕಾಗಿಯೇ ದೇಶಕ್ಕೆಲ್ಲ ಒಂದಾಗಿ 1930 ಎಂಬ ದೂರವಾಣಿ ಸಂಖ್ಯೆಯನ್ನು ಏರ್ಪಡಿಸಲಾಗಿದೆ. ತೆಲಂಗಾಣವು 2023ರಲ್ಲಿ ಸೈಬರ್ ಭದ್ರತೆಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಇಲ್ಲಿ ತನಿಖೆಗಾರನು ಅಗೆಯಬೇಕಾದುದು ತೋಪಿನ ಮಣ್ಣನ್ನಲ್ಲ, ಖಾತೆಗಳ ಲೆಕ್ಕವನ್ನು. ಹಣ ಹೋದ ದಾರಿಯನ್ನು ಹಿಡಿದು ಕೊನೆಯವರೆಗೆ ನಡೆಯುವ ತಾಳ್ಮೆ ಇಲ್ಲದಿದ್ದರೆ, ಖಾತೆಯನ್ನು ಬಾಡಿಗೆಗೆ ಕೊಟ್ಟ ಬಡ ಹುಡುಗನೊಬ್ಬನು ಸೆರೆಸಿಕ್ಕಿ, ಹರಿಸಿಂಗನಂಥ ಗಣ್ಯನು ಅಂಗಡಿಯಲ್ಲಿಯೇ ಉಳಿಯುವನು.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ತತ್ವಗಳು ಹೊರಡುತ್ತವೆ. ಕೂಟವನ್ನು ಕೂಟವೆಂದೇ ತಿಳಿಯದೆ ಬಿಡಿಬಿಡಿಯಾಗಿ ಅಪರಾಧಿಗಳನ್ನು ಹಿಡಿಯುವ ತನಿಖೆಯು ವ್ಯರ್ಥ. ಇದು 1799ರ ಬೆಂಗಳೂರಿನ ಪಾಠ. ಹಾಗೆಯೇ, ಬೇರೆ ಆಧಾರವಿಲ್ಲದ ಹೇಳಿಕೆಯನ್ನು ನಂಬಿ, ಹೆಸರು, ಕುಲ, ಸಹವಾಸಗಳಿಂದಲೇ ಅಪರಾಧವನ್ನು ನಿರ್ಣಯಿಸುವ ತನಿಖೆಯು ಅನ್ಯಾಯ. ಇದು ಹುಬ್ಬಳ್ಳಿಯ ಸೆಟ್ಲ್‌ಮೆಂಟಿನ ಪಾಠ. ಈ ಎರಡು ತಪ್ಪುಗಳ ನಡುವಣ ಇಕ್ಕಟ್ಟಾದ ಹಾದಿಯಲ್ಲಿ ನಡೆಯುವುದೇ ಆ ವೃತ್ತಿಯ ಧರ್ಮ.

ಹೈದರಾಬಾದಿನ ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷವಾದ ಅನುಕೂಲವೂ ಹೊಣೆಯೂ ಇವೆ. ಠಗ್ಗಿ ಮತ್ತು ದರೋಡೆ ಇಲಾಖೆಯ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನಿಜಾಮನ ಸರಕಾರದ ಫಾರಸಿ ಮತ್ತು ಉರ್ದು ಕಾಗದಗಳು ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿವೆ. ಇಂಗ್ಲಿಷ್ ದಾಖಲೆಗಳಲ್ಲಿ ಅಧಿಕಾರಿಯ ದನಿಯೇ ಕೇಳಿಬರುತ್ತದೆ. ಬೀದರ, ಕಲಬುರಗಿ, ಸುರಪುರ, ನಳದುರ್ಗಗಳ ದಾರಿಯಲ್ಲಿ ಸತ್ತವರ ಮನೆಯವರು ಏನೆಂದರು, ಸೆರೆಸಿಕ್ಕವರಲ್ಲಿ ಎಷ್ಟು ಮಂದಿ ತಾವು ನಿರಪರಾಧಿಗಳೆಂದು ಮೊರೆಯಿಟ್ಟರು ಎಂಬುದನ್ನು, ಉರ್ದುವನ್ನೂ ಕನ್ನಡವನ್ನೂ ಸಮನಾಗಿ ಬಲ್ಲ ನಮ್ಮಂಥವರಲ್ಲದೆ ಬೇರೆ ಯಾರು ಹುಡುಕಿಯಾರು? ನಮ್ಮ ತರುಣ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಈ ಕೆಲಸಕ್ಕೆ ಮುಂದಾದರೆ, 'ತಂತಿಕಳ್ಳ'ನೆಂಬ ಒಂಟಿ ಪದದ ಹಿಂದಿರುವ ಕನ್ನಡ ಜನಜೀವನದ ಒಂದು ಅಧ್ಯಾಯವು ಬೆಳಕಿಗೆ ಬಂದೀತು.